ಮಿಂಚುಳ್ಳಿಯ ಎದೆಬಡಿತ

ಮಿಂಚುಳ್ಳಿಗೆ ಏನೋ ಆಗಿದೆ ಎಂಬ ಮಾತು ಹುಟ್ಟಿದ್ದು ಅವನ ಮನೆಯಲ್ಲಲ್ಲ; ಅವನನ್ನು ಒಮ್ಮೆಯೂ ಹತ್ತಿರದಿಂದ ನೋಡದವರ ಬಾಯಲ್ಲಿ. ಸೈಕಲ್ ತಂಡದವರು ಎರಡೇ ಸಾಲಿನ ಪ್ರಕಟಣೆ ಕೊಟ್ಟಿದ್ದರು. ಅವನಿಗೆ ಸಣ್ಣ ಜ್ವರ ಬಂದಿದೆ, ಹಾಗಾಗಿ ಬೆಟ್ಟದ ರೇಸಿಗೆ ಇಳಿಯುವುದಿಲ್ಲ, ನೇರವಾಗಿ ಬೇಸಿಗೆಯ ದೊಡ್ಡ ರೇಸಿಗೇ ಬರುತ್ತಾನೆ. ಅಭಿಮಾನಿಗಳು ಆ ಎರಡು ಸಾಲನ್ನು ಹಿಂಡಿ, ಒದರಿ, ಬೆಳಕಿಗೆ ಹಿಡಿದು ನೋಡಿದರು. ಸಣ್ಣ ಜ್ವರಕ್ಕೆ ಬೆಟ್ಟ ಬಿಡುವ ಆಸಾಮಿಯೇ ಅವನು? ಇಳಿಜಾರಿನಲ್ಲಿ ಹ್ಯಾಂಡಲ್ಲಿಗೆ ಗದ್ದ ತಾಗಿಸಿ, ನೀಲಿ ಜೆರ್ಸಿಯಲ್ಲಿ ಬಾಣದ ಹಾಗೆ ಎರಗುತ್ತಾನೆಂದೇ ಅವನಿಗೆ ಆ ಹೆಸರು ಬಿದ್ದದ್ದು. ಇಂಥವನು ಬೆಟ್ಟ ಬಿಟ್ಟನೆಂದರೆ ಜ್ವರವಲ್ಲ, ಇನ್ನೇನೋ.

ಆ ಇನ್ನೇನೋ ಏನು ಎಂದು ಲೋಕವೆಲ್ಲ ತಲೆ ಕೆಡಿಸಿಕೊಂಡಿದ್ದಾಗ ಮಿಂಚುಳ್ಳಿ ಅಮ್ಮನ ಲಾಂಡ್ರಿಯ ಮೇಲಿನ ಮಹಡಿಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಅವನ ತಂಗಿ ಸಣ್ಣಿ ಮಂಚದ ತುದಿಯಲ್ಲಿ ಕೂತು, ಫೋನಿನಲ್ಲಿ ಬಂದದ್ದನ್ನೆಲ್ಲ ಓದಿ ಹೇಳುತ್ತಿದ್ದಳು.

"ಒಬ್ಬ ಬರ್ದಿದಾನೆ, ನಿಂಗೆ ಮದುವೆ ಗೊತ್ತಾಗಿದೆಯಂತೆ. ಹುಡುಗಿ ಕಡೆಯೋರು ಸೈಕಲ್ ಬಿಡು ಅಂದ್ರಂತೆ."

"ಹುಡುಗಿ ಹೇಗಿದಾಳಂತೆ ಕೇಳು."

"ಇನ್ನೊಬ್ಬನ ಪ್ರಕಾರ ನಿನ್ನ ಮೊಣಕಾಲ ಚಿಪ್ಪು ಪ್ಲಾಸ್ಟಿಕ್ಕಿಂದು. ಮುರಿದು ವರ್ಷ ಆಯ್ತಂತೆ, ಮುಚ್ಚಿಟ್ಟಿದೀಯಂತೆ."

"ಪ್ಲಾಸ್ಟಿಕ್ಕಿಂದು ನನ್ನ ತಂಗಿ ತಲೆ ಅಂತ ಬರಿ."

ಇಬ್ಬರೂ ನಕ್ಕರು. ಅವನ ನಗು ಅರ್ಧದಲ್ಲೇ ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಅವನ ಮುಖ, ಬಹಳ ಸಲ ಒಗೆದ ದಿಂಬಿನ ಚೀಲದ ಬಣ್ಣಕ್ಕೆ ತಿರುಗಿತ್ತು. ನಿಜ ಸಂಗತಿಯಲ್ಲಿ ಮುಚ್ಚಿಡುವಂಥದ್ದೇನೂ ಇರಲಿಲ್ಲ. ಜ್ವರ ಬಂದಿತ್ತು, ಹೋಗಿತ್ತು. ಹೋಗುವಾಗ ಮೈಯಲ್ಲಿದ್ದ ಕಸುವನ್ನೂ ಕಟ್ಟಿಕೊಂಡು ಹೋಗಿತ್ತು. ಬೆಟ್ಟ ಹತ್ತುತ್ತಿದ್ದವನು ಈಗ ಲಾಂಡ್ರಿಯಿಂದ ಮಹಡಿಗೆ ಬರುವಾಗ ನಡುವೆ ಮೆಟ್ಟಿಲ ಮೇಲೆ ಕೂರುತ್ತಿದ್ದ. ತಂಡದ ವೈದ್ಯರು, ಮಲಗು, ಕಾಯು, ಬೇರೆ ಮದ್ದಿಲ್ಲ ಎಂದಿದ್ದರು. ಕಾಯುವುದಕ್ಕೆ ಮ್ಯಾನೇಜರ್ ತಯಾರಿರಲಿಲ್ಲ. ಅವರ ಧ್ವನಿ ಫೋನಿನಿಂದಾಚೆ ಸಣ್ಣಿಯ ಕಿವಿಗೂ ಬೀಳುತ್ತಿತ್ತು.

"ನಿನ್ನ ಮೇಲೆ ನಂಗೆ ನಂಬಿಕೆ ಇದೆ ಮಾರಾಯ. ಆದ್ರೆ ಮೇಲಿನೋರು ಈ ಗುಸುಗುಸು ಎಲ್ಲ ಓದ್ತಾರೆ. ನಿನ್ನ ಜಾಗಕ್ಕೆ ಇನ್ನೊಬ್ಬ ಶೂ ಕಟ್ಕೊಂಡು ನಿಂತಿದಾನೆ. ದೊಡ್ಡ ರೇಸಿಗೆ ಹೆಸರು ಅಂತಿಮ ಆಗೋವರೆಗೆ ದಿನಾ ಸ್ವಲ್ಪ ಹೊತ್ತು ತುಳಿ. ಜನ ನೋಡ್ಲಿ, ಅಷ್ಟೇ."

ಜನ ನೋಡುವುದು ಹೇಗೆಂದರೆ, ಅವನ ಸೈಕಲ್ಲಿಗೂ ಎದೆಗೆ ಕಟ್ಟುವ ಪಟ್ಟಿಗೂ ಒಂದು ಆ್ಯಪ್ ಸೇರಿಸಿತ್ತು. ಅವನು ತುಳಿಯಲು ಕೂತನೆಂದರೆ ಕಾಲಿನ ಬಲ, ಪೆಡಲಿನ ವೇಗ, ಎದೆಬಡಿತ ಮೂರೂ ಗೆರೆಗಳಾಗಿ ಆಗಿಂದಾಗಲೇ ಅಭಿಮಾನಿಗಳ ಫೋನಿನಲ್ಲಿ ಹರಿಯುತ್ತಿದ್ದವು. ಚಿತ್ರವಿಲ್ಲ, ಮಾತಿಲ್ಲ, ಬರೀ ಗೆರೆ. ಹೋದ ವರ್ಷ ತಂಡದವರೇ ಜಾಹೀರಾತಿಗೆಂದು ಹಚ್ಚಿಸಿದ ಚಟ ಅದು. ಅವನು ಮಲಗಿದಾಗಿನಿಂದ ಗೆರೆ ಸತ್ತಿತ್ತು.

ಮ್ಯಾನೇಜರ್ ಫೋನಿಟ್ಟ ಮೇಲೆ ಅಣ್ಣ ಬಹಳ ಹೊತ್ತು ಮೂಲೆಯಲ್ಲಿದ್ದ ಸೈಕಲ್ಲನ್ನು ನೋಡಿದ. ಅದರ ಹಿಂದಿನ ಚಕ್ರ ಕಳಚಿ ಚೌಕಟ್ಟನ್ನು ಭಾರದ ಸ್ಟ್ಯಾಂಡಿಗೆ ಸಿಕ್ಕಿಸಿತ್ತು. ತುಳಿದರೆ ಸ್ಟ್ಯಾಂಡಿನೊಳಗಿನ ಗಾಲಿ ಗುಂಯ್‌ಗುಡುತ್ತಿತ್ತು, ಸೈಕಲ್ ಮಾತ್ರ ಇದ್ದಲ್ಲೇ ಇರುತ್ತಿತ್ತು. ಆಮೇಲೆ ಅವನು ತಂಗಿಯ ಕಾಲನ್ನು ನೋಡಿದ.

"ಸಣ್ಣೀ, ನೀನು ಸುಮ್ನೆ ಒಂದ್ನಾಲ್ಕು ದಿನ ತುಳೀತೀಯಾ?"

ಸಣ್ಣಿ ಡಿಗ್ರಿ ಮುಗಿಸಿ ಮನೆಯಲ್ಲಿದ್ದಳು. ಇಂಟರ್‌ವ್ಯೂಗಳಲ್ಲಿ ಹೆಸರು ಕೇಳಿದರೂ ಅವಳ ನಾಲಗೆ ಅಂಗುಳಿಗೆ ಅಂಟುತ್ತಿತ್ತು. ಅಂಗಡಿಯಲ್ಲಿ ಅವಳ ಕೆಲಸ ಗಿರಾಕಿಗಳ ಕಡೆ ಬೆನ್ನು ಹಾಕಿ ಬಟ್ಟೆಗೆ ನಂಬರಿನ ಬಿಲ್ಲೆ ಹಚ್ಚುವುದು. ಅವಳೇ ಆರಿಸಿಕೊಂಡ ಕೆಲಸ. ಮಿಂಚುಳ್ಳಿಯ ತಂಗಿ ಅಂದರೆ ನೀನೇನಾ ಎಂದು ಕೇಳಿದವರು, ಅವಳು ಹೂಂ ಅನ್ನುವಷ್ಟರಲ್ಲಿ ಅವಳ ಹೆಗಲಾಚೆ ಅಣ್ಣನನ್ನು ಹುಡುಕುತ್ತಿದ್ದರು. ಯಾರಿಗಾದರೂ ಇಲ್ಲ ಎನ್ನಬೇಕಾದರೂ ಅವಳಿಗೆ ಒಂದು ದಿನದ ತಯಾರಿ ಬೇಕಿತ್ತು. ಅಣ್ಣ ಅಷ್ಟು ಸಮಯ ಕೊಡಲಿಲ್ಲ.

ಅವನು ಆ್ಯಪಿನಲ್ಲಿ ಏನೋ ತಿದ್ದಿದ. ಅವಳು ಮೆಲ್ಲಗೆ ತುಳಿದರೂ ಅದು ಅವನು ಆರಾಮಾಗಿ ತುಳಿದಷ್ಟು ಬಲವೆಂದು ತೋರುವಂತೆ ಮಾಡಿದ.

"ಕಾಲಿನ ಸುಳ್ಳನ್ನ ಯಂತ್ರ ಹೇಳತ್ತೆ. ಎದೆದು ಹಾಗಾಗಲ್ಲ, ಪಟ್ಟಿ ಕಟ್ಲೇಬೇಕು. ಎದೆ ಗೆರೆ ಇಲ್ದಿದ್ರೆ ಮೊದ್ಲು ಅದನ್ನೇ ಹಿಡೀತಾರೆ. ನಿಂದೇ ಬಡ್ಕೊಳ್ಲಿ ಬಿಡು. ಕಾಯಿಲೆ ಬಿದ್ದು ಎದ್ದೋನ ಎದೆ ಸ್ವಲ್ಪ ಜಾಸ್ತಿ ಬಡ್ಕೊಂಡ್ರೆ ಯಾರೂ ಏನೂ ಅನ್ಕೊಳ್ಳಲ್ಲ."

"ಅಮ್ಮಂಗೆ?"

"ಅಮ್ಮಂಗೆ ಯಾಕೆ? ಅವಳ ಬಾಯಿಂದ ಎದುರಂಗಡಿ ಕಟಿಂಗ್ ಮಾಮನ ಬಾಯಿಗೆ, ಅಲ್ಲಿಂದ ಊರಿಗೆ."

ಪಟ್ಟಿಯ ಒಳಭಾಗವನ್ನು ನೀರಲ್ಲಿ ಅದ್ದಿ ಎದೆಯ ಕೆಳಗೆ ಬಿಗಿದುಕೊಂಡಾಗ ಸಣ್ಣಿಗೆ ಮೈ ಜುಂ ಎಂದಿತು. ತಣ್ಣನೆಯ ಕೈಯೊಂದು ಹಿಂದಿನಿಂದ ಬಂದು ತಬ್ಬಿದ ಹಾಗೆ. ಅಣ್ಣನ ನೀಲಿ ಜೆರ್ಸಿ ತೊಟ್ಟಳು. ಅವಳ ಸಲ್ವಾರಿನ ಟಾಪು ಸೀಟಿಗೆ ಸಿಕ್ಕಿಕೊಳ್ಳುತ್ತಿತ್ತು. ಕಿಟಕಿಗೆ ದಪ್ಪ ಪರದೆ ಎಳೆದರು. ಅವಳು ತುಳಿದಳು. ಮೂರು ಗೆರೆಗಳು ಕಣ್ಣು ಬಿಟ್ಟವು.

ಫೋನಿನಲ್ಲಿ ಹಬ್ಬ. ಬಂದ, ಬಂದ, ಮಿಂಚುಳ್ಳಿ ಬಂದ. ನಾನು ಆಫೀಸಿನ ಬಾತ್‌ರೂಮಲ್ಲಿ ನಿಂತು ಅಳ್ತಿದೀನಿ ಎಂದು ಯಾರೋ ಬರೆದರು. ಕೆಳಗಿನಿಂದ ಅಮ್ಮ ಬಟ್ಟೆ ತೆಗೆಯುವ ಕೋಲಿನಿಂದ ತಾರಸಿಗೆ ಎರಡು ಸಲ ಕುಟ್ಟಿದಳು. ಭೇಷ್ ಮಗನೇ ಎಂಬಂತೆ. ಅಮ್ಮನಿಗೆ ಗೊತ್ತಿದ್ದದ್ದು ಇಷ್ಟೇ: ಮಗ ತುಳಿಯಲು ಶುರು ಮಾಡಿದ್ದಾನೆ, ತುಳಿಯುವಾಗ ಬಾಗಿಲು ತೆಗೆದರೆ ಅವನಿಗೆ ಗಮನ ತಪ್ಪುತ್ತದೆ, ನೀರು-ಟವೆಲು ಕೊಡಲು ಮಗಳು ಒಳಗಿರುತ್ತಾಳೆ.

ಒಂದ್ನಾಲ್ಕು ದಿನ ಅಂದದ್ದು ವಾರವಾಯಿತು, ವಾರ ಇನ್ನೊಂದಾಯಿತು. ಮಧ್ಯಾಹ್ನದ ಊಟ ಆದ ಮೇಲೆ ಸಣ್ಣಿ ಮೇಲೆ ಹತ್ತುತ್ತಿದ್ದಳು. ಕೆಳಗಿನ ಇಸ್ತ್ರಿಯ ಆವಿ, ಗಂಜಿಯ ವಾಸನೆ ಮೆಟ್ಟಿಲ ಗುಂಟ ಅವಳ ಹಿಂದೆಯೇ ಬರುತ್ತಿತ್ತು. ಅಣ್ಣ ಮಂಚದ ಮೇಲೆ, ಅವಳು ಸೈಕಲ್ ಮೇಲೆ. ಅಭಿಮಾನಿಗಳ ಗುಂಪಿನಲ್ಲಿ ಅವಳೂ ಯಾವುದೋ ಹುಡುಗಿಯ ಸುಳ್ಳು ಹೆಸರಿನಲ್ಲಿ ಸೇರಿದ್ದಳು. ತುಳಿದು ಮುಗಿಸಿ, ಬೆವರೊರೆಸಿಕೊಂಡು, ಅಂದಿನ ಗೆರೆಯ ಬಗ್ಗೆ ಅವರು ಬರೆದದ್ದನ್ನು ಓದುತ್ತಿದ್ದಳು.

ಮೊದಲು ಒಬ್ಬರು ಬರೆದರು: ಬಲದ ಗೆರೆ ಗಮನಿಸಿದ್ರಾ, ಅವನು ಈಗ ಬಲಗಾಲಿನ ಮೇಲೇ ಜಾಸ್ತಿ ಭಾರ ಬಿಡ್ತಿದಾನೆ. ಎಡಗಾಲು ಸಂಕೋಚದಲ್ಲಿ ಹಿಂದೆ ನಿಂತ ಹಾಗಿದೆ.

ಸಣ್ಣಿ ಎದ್ದು ಕನ್ನಡಿಯೆದುರು ನಿಂತಳು. ಹೌದು. ಅವಳು ನಿಲ್ಲುತ್ತಿದ್ದದ್ದೇ ಹಾಗೆ, ಬಲಗಾಲ ಮೇಲೆ. ಎಡಗಾಲು ಅದರ ಹಿಂದೆ ಬಚ್ಚಿಟ್ಟುಕೊಂಡಂತೆ. ಇಷ್ಟು ವರ್ಷ ಅದು ಅವಳಿಗೇ ತಿಳಿದಿರಲಿಲ್ಲ.

ಇನ್ನೊಂದು ದಿನ ತುಳಿಯುವಾಗ ಮೆಟ್ಟಿಲ ಮೇಲೆ ಅಮ್ಮನ ಹೆಜ್ಜೆ ಕೇಳಿತು. ಸಣ್ಣಿಯ ಎದೆ ಬಾಯಿಗೆ ಬಂತು. ಅಮ್ಮ ಬಾಗಿಲ ಹೊರಗೆ ಮಡಿಸಿದ ಬಟ್ಟೆ ಇಟ್ಟು ಇಳಿದು ಹೋದಳು. ಸಂಜೆ ಗುಂಪಿನಲ್ಲಿ ಯಾರೋ ಆ ಹೊತ್ತಿನ ಗೆರೆಗೆ ಕೆಂಪು ಗುರುತು ಹಾಕಿ ತೋರಿಸಿದ್ದರು. ಇಲ್ಲಿ ನೋಡಿ, ಕಾಲು ಹಾಗೇ ಇದೆ, ಎದೆ ಮಾತ್ರ ಎಗರಿದೆ. ಬಾಗಿಲ ಹತ್ರ ಯಾರೋ ಬಂದಿದಾರೆ. ಬಂದೋರು ಒಳಗೆ ಬರಲಿಲ್ಲ. ಇವನು ಅವರಿಗೆ ಹೆದರ್ತಾನೆ.

ಸಣ್ಣಿ ಫೋನನ್ನು ಮಂಚದ ಮೇಲೆ ಮಗುಚಿಟ್ಟಳು. ಪರದೆ ಸರಿಯಾಗಿ ಎಳೆದಿದೆಯೇ ಎಂದು ಎದ್ದು ನೋಡಿದಳು. ಎಳೆದೇ ಇತ್ತು. ಅವರು ನೋಡುತ್ತಿದ್ದದ್ದು ಕಿಟಕಿಯಿಂದಲ್ಲ, ಪಕ್ಕೆಲುಬುಗಳ ಸಂದಿಯಿಂದ.

ಮತ್ತೊಂದು ದಿನ ಅವಳು ಅತ್ತಳು. ಕಾರಣ ದೊಡ್ಡದಲ್ಲ, ಬೆಳಿಗ್ಗೆ ಒಂದು ಆಫೀಸಿನಿಂದ, ನಿಮ್ಮನ್ನು ಆರಿಸಿಲ್ಲ ಎಂಬ ಮೆಸೇಜು ಬಂದಿತ್ತು. ತುಳಿಯುತ್ತ, ಅಣ್ಣನಿಗೂ ಕಾಣದ ಹಾಗೆ, ತಲೆ ತಗ್ಗಿಸಿ, ಸದ್ದಿಲ್ಲದೆ ಅತ್ತಳು. ಇವತ್ತು ಅವನು ಅತ್ತಿದಾನೆ ಎಂದು ಗುಂಪಿನಲ್ಲಿ ಬಂತು. ಎದೆ ಗೆರೆ ನೋಡಿ, ಉಸಿರು ಎಳೆದೆಳೆದು ಬಿಟ್ಟ ಹಾಗಿದೆ. ಅಳಬೇಡ ಕಂದಾ. ನಾವಿದೀವಿ. ಅದರ ಕೆಳಗೆ ಸಾಲು ಸಾಲು ಜನ, ನಾವಿದೀವಿ, ನಾವಿದೀವಿ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಹೆದರಿಕೆಯ ಜೊತೆಗೇ ಸಣ್ಣಿಗೆ ಸುಖವೂ ಆಯಿತು. ಅವಳು ಅತ್ತದ್ದು ಯಾರಿಗಾದರೂ ತಿಳಿದದ್ದು, ತಿಳಿದವರು ಕಂದಾ ಎಂದದ್ದು, ಅವಳ ನೆನಪಿನಲ್ಲೇ ಇರಲಿಲ್ಲ. ಅದು ಅಣ್ಣನಿಗೆ ಬರೆದದ್ದು ಎಂದು ಬುದ್ಧಿ ಹೇಳುತ್ತಿತ್ತು. ಮೈ ಕೇಳುತ್ತಿರಲಿಲ್ಲ. ಮಾರನೆಯ ದಿನ ಅಣ್ಣ ಕರೆಯುವ ಮೊದಲೇ ಅವಳು ಪಟ್ಟಿಯನ್ನು ನೀರಿಗೆ ಅದ್ದಿದ್ದಳು.

ಎದೆ ಎಡವಿದ್ದು ಅವಳಿಗೆ ಮೊದಲ ಸಲ ತಿಳಿದದ್ದು ಆಮೇಲೆ. ಕತ್ತಲಲ್ಲಿ ಇನ್ನೊಂದು ಮೆಟ್ಟಿಲಿದೆ ಎಂದು ಕಾಲಿಟ್ಟಾಗ ಇಲ್ಲದೆ ಹೋದರೆ ಆಗುತ್ತದಲ್ಲ, ಹಾಗೆ ಎದೆಯೊಳಗೆ ಒಂದು ಮೆಟ್ಟಿಲು ಇಲ್ಲವಾಯಿತು. ಕೂಡಲೇ ಎರಡು ಮೂರು ಬಡಿತ ಒಂದರ ಮೇಲೊಂದು ಬಿದ್ದವು. ಕಣ್ಣಂಚಿಗೆ ಕಪ್ಪು ಬಂದು ಹೋಯಿತು. ಸೆಕೆಗೆ ಇರಬೇಕೆಂದು ಅವಳು ನೀರು ಕುಡಿದಳು. ಗುಂಪಿನಲ್ಲಿ ಮಾತ್ರ ಯಾರೂ ಹಾಗಂದುಕೊಳ್ಳಲಿಲ್ಲ.

ಇದೇನಿದು? ಇಲ್ಲಿ ಬಡಿತ ತಪ್ಪಿದೆ. ಮತ್ತೆ ಇಲ್ಲಿ. ನಿನ್ನೆಯೂ ಇತ್ತು, ನಾವು ನೋಡಿಲ್ಲ. ಜ್ವರ ಎದೆಗೆ ಇಳಿದಿದೆ. ಅದಕ್ಕೇ ಬೆಟ್ಟ ಬಿಡಿಸಿದಾರೆ! ತಂಡದೋರಿಗೆ ಗೊತ್ತು, ಗೊತ್ತಿದ್ದೂ ತುಳಿಸ್ತಿದಾರೆ, ಕೊಲೆಗಡುಕರು. ಅವನ ಮನೆಯೋರು ಯಾರಾದ್ರೂ ಇಲ್ಲಿದ್ರೆ ದಯವಿಟ್ಟು ಅವನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಮನೆಯವಳು ಅಲ್ಲೇ ಇದ್ದಳು; ಓದುತ್ತ ಕೂತಿದ್ದಳು.

ಈ ಮಾತು ಅಮ್ಮನಿಗೆ ತಲುಪಿಸಿದ್ದು ಕಟಿಂಗ್ ಮಾಮ. ಎದುರುಸಾಲಿನಲ್ಲಿ ಅವನ ಕಟಿಂಗ್ ಶಾಪು. ಅಂಗಡಿಯ ಬಿಳಿ ಏಪ್ರನ್ನುಗಳನ್ನು ಒಗೆಯಲು ಹಾಕುವ ನೆಪದಲ್ಲಿ ದಿನಾ ಬರುತ್ತಿದ್ದ; ಬೀದಿಯ ಅಭಿಮಾನಿ ಸಂಘಕ್ಕೆ ಅವನೇ ಅಧ್ಯಕ್ಷ, ಅವನೇ ಸದಸ್ಯ.

"ಅಕ್ಕಾ, ಹೇಳ್ತೀನಿ ಅಂತ ಗಾಬರಿಯಾಗ್ಬೇಡಿ. ನಿಮ್ಮ ಮಗನ ಎದೆ ಸರಿ ಇಲ್ಲ."

"ನಿನ್ನ ಬಾಯಿಗೆ ಬೆಂಕಿ ಹಾಕ. ಕಾಲರ್ ಸುಟ್ಟುಬಿಡ್ತಿದ್ದೆ ಈಗ."

"ನಾನು ಹೇಳ್ತಿಲ್ಲ ಅಕ್ಕಾ, ಲೋಕ ಹೇಳ್ತಿದೆ. ನೋಡಿ ಇಲ್ಲಿ."

ಅಮ್ಮ ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿಟ್ಟು ಕಣ್ಣಿಗೆ ಫೋನು ಹಿಡಿದಳು. ಅವಳಿಗೆ ಗೆರೆ ಅರ್ಥವಾಗಲಿಲ್ಲ, ಕೆಂಪು ಗುರುತು ಅರ್ಥವಾಯಿತು. ಬಿಲ್ಲೆ ಹಚ್ಚುತ್ತಿದ್ದ ಸಣ್ಣಿ ತಿರುಗಿ ನೋಡಲಿಲ್ಲ. ಮಾರನೆಯ ದಿನ ಅಮ್ಮ ಅಂಗಡಿ ಮುಚ್ಚಿ, ಮಗನನ್ನು ರಟ್ಟೆ ಹಿಡಿದು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ಮಲಗಿಸಿ ನೋಡಿದರು, ನಡೆಸಿ ನೋಡಿದರು, ಒಂದು ದಿನ ಪೂರ್ತಿ ಎದೆಗೆ ತಂತಿ ಅಂಟಿಸಿ ನೋಡಿದರು. ನಿಶ್ಶಕ್ತಿ ಇದೆ, ಎದೆ ಕಲ್ಲಿನ ಹಾಗಿದೆ ಎಂದು ಬರೆದುಕೊಟ್ಟರು.

ತಂಡದವರು ಅದನ್ನು ಹೆಮ್ಮೆಯಿಂದ ಹಾಕಿದರು. ಗುಂಪಿನಲ್ಲಿ ಜಯಕಾರ. ಹಾಗಾದರೆ ತಪ್ಪಿದ ಬಡಿತ? ಪಟ್ಟಿ ಹಳೆಯದು, ಅಷ್ಟೇ! ಇಷ್ಟು ದಿನ ಕಣ್ಣೀರಿಟ್ಟವರಿಗೆ ನಾಚಿಕೆಯಾಯಿತು. ನಾಚಿಕೆ ಬೇಗ ತಮಾಷೆಯಾಯಿತು. ಅದಕ್ಕೆ ಪಟ್ಟಿರೋಗ ಎಂದು ಹೆಸರಿಟ್ಟರು. ಬಡಿತ ತಪ್ಪಿದಾಗಲೆಲ್ಲ, ಅಯ್ಯೋ ಪಟ್ಟಿಗೆ ಹಾರ್ಟ್ ಅಟ್ಯಾಕು, ಪಟ್ಟಿಗೆ ಗ್ಲೂಕೋಸ್ ಹಾಕ್ರಪ್ಪೋ ಎಂದು ನಗುತ್ತಿದ್ದರು.

ಆಸ್ಪತ್ರೆಯಿಂದ ಬಂದ ಸಂಜೆ ಸಣ್ಣಿ ಅಣ್ಣನ ಮುಂದೆ ನಿಂತಳು.

"ನಿನ್ನೆದೆ ಚೆನ್ನಾಗಿದೆ ಅಂದ್ರಂತೆ."

"ಹೂಂ."

"ಹಾಗಾದ್ರೆ ಅಣ್ಣಾ…"

"ಹಾಗಾದ್ರೆ ಪಟ್ಟಿದೇ ತೊಂದರೆ. ಹೊಸದು ಕಳಿಸ್ತಾರಂತೆ."

ಹೇಳುವಾಗ ಅವನು ಶೂ ಲೇಸು ಬಿಚ್ಚುತ್ತಿದ್ದ. ಬಿಚ್ಚಿ ಆದ ಮೇಲೂ ಬಿಚ್ಚುತ್ತಿದ್ದ.

ಹೊಸ ಪಟ್ಟಿ ಬಂತು. ಅಣ್ಣನೇ ಡಬ್ಬಿ ಒಡೆದು ಕೊಟ್ಟ. ಅವಳು ತುಳಿಯುವಾಗ ಆ ದಿನ ಅವನು ಮಲಗಲಿಲ್ಲ, ಕುರ್ಚಿ ಎಳೆದುಕೊಂಡು ಹ್ಯಾಂಡಲ್ಲಿನ ಮೇಲಿದ್ದ ಪರದೆ ನೋಡುತ್ತ ಕೂತ. ಸ್ವಲ್ಪ ಹೊತ್ತು ಎಲ್ಲ ಸರಿಯಿತ್ತು. ಆಮೇಲೆ ಎದೆಯೊಳಗಿನ ಆ ಮೆಟ್ಟಿಲು ಇಲ್ಲವಾಯಿತು. ಪರದೆಯ ಅಂಕಿ ಕುಸಿದು, ಎಗರಿ, ಮತ್ತೆ ಕುಸಿಯಿತು. ಅವಳು ಪರದೆ ನೋಡಲಿಲ್ಲ, ಅಣ್ಣನ ಮುಖ ನೋಡಿದಳು. ಅವನಿಗೆ ಅರ್ಥವಾಗಿತ್ತು. ಅದು ಅವನ ಕಣ್ಣಿಗೆ ಬಂತು, ಒಂದು ಗಳಿಗೆ ನಿಂತಿತು, ಆಮೇಲೆ ಅವನು ಅದನ್ನು ನುಂಗಿದ.

"ಬ್ಯಾಟರಿ ಇರ್ಬೇಕು," ಎಂದ. "ಹೆಸರು ಅಂತಿಮ ಆಗೋದು ಮುಂದಿನ ವಾರ ಸಣ್ಣೀ. ಅಲ್ಲೀವರೆಗೆ ಮಾತ್ರ. ಆಮೇಲೆ ನೀನು ಹೇಳಿದ ಹಾಗೆ."

ಅವಳು ಏನನ್ನೂ ಹೇಳಿರಲಿಲ್ಲ.

ಆ ಮೇಲಿನ ದಿನಗಳಲ್ಲಿ ಸಣ್ಣಿಗೆ ಮನೆಯೇ ವಿಚಿತ್ರವಾಗಿ ಕಾಣತೊಡಗಿತು. ಅಂಗಡಿಯಲ್ಲಿ ಹ್ಯಾಂಗರಿಗೆ ಹಾಕಿದ ಕೋಟುಗಳು ಒಳಗೆ ಜನ ನಿಂತ ಹಾಗೆ ಉಬ್ಬಿರುತ್ತಿದ್ದವು. ಒಳಗೆ ಯಾರೂ ಇಲ್ಲವೆಂದು ಗೊತ್ತಿದ್ದರೂ ಅವಳು ತೋಳು ಮುಟ್ಟಿ ನೋಡುತ್ತಿದ್ದಳು. ಲೋಕಕ್ಕೆ ಒಂದು ಎದೆ ಗೊತ್ತು, ಅದಕ್ಕೆ ಮೈಯಿಲ್ಲ; ಇಲ್ಲಿ ಒಂದು ಮೈಯಿದೆ, ಅದಕ್ಕೆ ಎದೆಯಿರುವುದು ಯಾರಿಗೂ ಗೊತ್ತಿಲ್ಲ. ಒಂದು ಮಧ್ಯಾಹ್ನ ಧೈರ್ಯ ಮಾಡಿ ಗುಂಪಿನಲ್ಲಿ ಬರೆದಳು: ಆ ಎದೆ ಅವನದಲ್ಲ, ನನ್ನದು. ತುಳಿಯುತ್ತಿರುವುದು ನಾನು. ಪಟ್ಟಿ ಸರಿ ಇದೆ.

ಬಂದ್ಳಪ್ಪ ಎದೆ ಕಳಕೊಂಡೋಳು ಎಂದು ಒಬ್ಬ. ಅಮ್ಮಾ ತಾಯಿ, ನನ್ನ ಕಿಡ್ನಿ ಕೂಡ ಮಿಂಚುಳ್ಳಿ ಹತ್ರ ಇದೆ ಸ್ವಲ್ಪ ಇಸ್ಕೊಡಿ ಎಂದು ಇನ್ನೊಬ್ಬ. ಅಳಬೇಡ ಕಂದಾ ಎಂದು ಬರೆದಿದ್ದ ಅದೇ ಹೆಸರು ಈಗ, ಇಂಥ ಹುಚ್ಚರನ್ನು ಹೊರಗೆ ಹಾಕಿ ಎಂದಿತು. ಹಾಕಿದರು. ಫೋನಿನ ಪರದೆ ಖಾಲಿಯಾಗಿ, ಅದರಲ್ಲಿ ಅವಳ ಮುಖ ಕಂಡಿತು.

ಮರುದಿನ ಅವಳು ಮತ್ತೆ ಸೈಕಲ್ ಹತ್ತಿದಳು. ಪಟ್ಟಿ ಒದ್ದೆಯಾಗಿತ್ತು, ಅಣ್ಣ ಕಾಯುತ್ತಿದ್ದ. ತುಳಿಯುತ್ತಿದ್ದ ಹಾಗೇ ಕಿಟಕಿ ಪರದೆಯ ಹೂವುಗಳು ಕಪ್ಪಾದವು. ಗಾಲಿಯ ಗುಂಯ್ ಸದ್ದು ದೂರ ಹೋಯಿತು, ಬೇರೆ ಮನೆಯಲ್ಲಿ ಬೇರೆ ಯಾರೋ ತುಳಿಯುತ್ತಿದ್ದ ಹಾಗೆ. ಅವಳ ಹಣೆ ಹ್ಯಾಂಡಲ್ಲಿಗೆ ತಾಗಿತು. ಕಾಲುಗಳು ತಮ್ಮ ಪಾಡಿಗೆ ತಾವು ತಿರುಗುತ್ತಲೇ ಇದ್ದವು, ಅವಳನ್ನು ಕೇಳದೆ. ಆ ಕಪ್ಪಿನೊಳಗಿನಿಂದ ಅವಳಿಗೆ ಒಂದು ಯೋಚನೆ ಬಹಳ ಸ್ಪಷ್ಟವಾಗಿ ಬಂತು: ನಾನು ಈಗ ಹೋದರೆ, ಪಟ್ಟಿ ಕೆಟ್ಟಿತು ಅಂದುಕೊಳ್ಳುತ್ತಾರೆ.

"ಸಣ್ಣೀ, ವೇಗ ಕಮ್ಮಿ ಆಗ್ತಿದೆ," ಎಂದ ಅಣ್ಣ.

ಅವಳು ಕಾಲು ನಿಲ್ಲಿಸಿದಳು. ಇಳಿದಳು. ಬಾಗಿಲು ತೆಗೆದಳು. ಸಣ್ಣೀ, ಏ ಸಣ್ಣೀ, ಎಲ್ಲಿಗೇ ಎಂದು ಹಿಂದಿನಿಂದ ಪಿಸುದನಿ ಬಂತು. ಗೋಡೆ ಹಿಡಿದುಕೊಂಡು, ಪ್ರತಿ ಮೆಟ್ಟಿಲೂ ಇದೆಯೇ ಎಂದು ಕಾಲಿನಿಂದ ತಡವಿ ನೋಡುತ್ತ, ಅವಳು ಅಂಗಡಿಗೆ ಇಳಿದಳು.

ಅಲ್ಲಿ ಅಮ್ಮ ಒಂದು ಬಿಳಿ ಶರ್ಟಿನ ತೋಳಿಗೆ ಇಸ್ತ್ರಿ ಹಾಕುತ್ತಿದ್ದಳು. ಕಟಿಂಗ್ ಮಾಮ ಕೌಂಟರಿಗೆ ಮೊಣಕೈ ಊರಿ, ಒಗೆದ ಏಪ್ರನ್ನುಗಳ ಕಟ್ಟಿಗೆ ಫೋನು ಒರಗಿಸಿ ಗೆರೆ ನೋಡುತ್ತಿದ್ದ.

"ಏನಕ್ಕಾ, ಮಹಾರಾಜರು ಯಾಕೋ ನಿಂತುಬಿಟ್ರು? ಮೂತ್ರಕ್ಕೆ ಹೋದ್ರಾ ಹೇಗೆ?" ಎನ್ನುತ್ತಿದ್ದವನು ಸಣ್ಣಿಯನ್ನು ಕಂಡು ನಾಲಗೆ ಕಚ್ಚಿಕೊಂಡ.

ಅಮ್ಮ ಮಗಳನ್ನು ಮೇಲಿಂದ ಕೆಳಗೆ ನೋಡಿದಳು. "ಏನೇ ಇದು ವೇಷ? ಅವನ ಅಂಗಿ ಯಾಕೆ ತೊಟ್ಕೊಂಡಿದೀಯ? ಇಷ್ಟು ಬೆವರು…"

"ಅಮ್ಮಾ, ಮೇಲೆ ತುಳೀತಿದ್ದಿದ್ದು ನಾನು. ಅಣ್ಣ ಅಲ್ಲ. ಇಷ್ಟು ದಿನಾನೂ ನಾನೇ."

ಅವಳ ಮಾತು ಮುಗಿಯುವುದಕ್ಕೂ ತಲೆಯ ಮೇಲೆ ಗಾಲಿ ಗುಂಯ್‌ಗುಡುವುದಕ್ಕೂ ಸರಿಹೋಯಿತು. ಮೂವರೂ ತಾರಸಿ ನೋಡಿದರು. ಸದ್ದು ಮೆಲ್ಲಗೆ ಶುರುವಾಗಿ, ತಡವರಿಸಿ, ಒಂದು ಹದಕ್ಕೆ ಬಂತು. ದಿನಾ ತಾನೇ ಹೊರಡಿಸುತ್ತಿದ್ದ ಆ ಸದ್ದನ್ನು ಸಣ್ಣಿ ಕೆಳಗೆ ನಿಂತು ಕೇಳಿದ್ದು ಅದೇ ಮೊದಲು. ತಾನು ಇನ್ನೂ ಮೇಲೇ ಇದ್ದೇನೆ, ಇಲ್ಲಿ ನಿಂತಿರುವುದು ಬರೀ ಜೆರ್ಸಿ, ಎಂದು ಒಂದು ಗಳಿಗೆ ಅನಿಸಿತು.

"ಮತ್ತೆ ಅದ್ಯಾರೇ?" ಅಮ್ಮನ ದನಿ ಇಳಿದಿತ್ತು.

"ಅದು ಅಣ್ಣ. ಗೆರೆ ನಿಂತ್ರೆ ಜನ ಕೇಳ್ತಾರಲ್ಲ, ಅದಕ್ಕೆ. ಅಮ್ಮಾ, ತೊಂದರೆ ಇರೋದು ಅಣ್ಣನ ಎದೇಲಿ ಅಲ್ಲ. ಪಟ್ಟೀಲೂ ಅಲ್ಲ."

"ಪಟ್ಟಿರೋಗ ಈಗ ನಿಂಗೂ ಅಂಟ್ಕೊಂಡ್ತೇನಮ್ಮಾ?" ಕಟಿಂಗ್ ಮಾಮ ನಕ್ಕ. "ಅಕ್ಕಾ, ಹುಡುಗಿಗೆ ಉಷ್ಣ ಆಗಿದೆ. ಮಜ್ಜಿಗೆ ಕೊಡಿ."

ಮಾತಿನಲ್ಲಿ ಗೆಲ್ಲುವುದು ಸಣ್ಣಿಗೆ ಯಾವತ್ತೂ ಆಗಿರಲಿಲ್ಲ. ಅವಳು ಕೌಂಟರಿನಾಚೆ ಕೈ ಚಾಚಿ ಅಮ್ಮನ ಬಲಗೈ ಹಿಡಿದಳು. ಇಸ್ತ್ರಿ ಹಿಡಿದು ಹಿಡಿದು ಬಿಸಿಯಾಗಿದ್ದ ಅಂಗೈ. ಅದನ್ನು ಜೆರ್ಸಿಯ ಮೇಲೆ, ಪಟ್ಟಿಯ ಸ್ವಲ್ಪ ಮೇಲಕ್ಕೆ, ಎಡಕ್ಕೆ ಒತ್ತಿ ಹಿಡಿದಳು.

"ಮಾಮ, ನೀವು ನೋಡಿ ಹೇಳಿ. ಎದೆ ಹೇಗಿದೆ ಹೇಳ್ತಾ ಹೋಗಿ."

"ಏನು ಹೇಳೋದು? ಮಹಾರಾಜರು ವಾಪಸ್ ಬಂದ್ರು, ಕಾಲು ಆಡ್ತಿದೆ. ಎದೆ ಜೋರಾಗಿದೆ. ಇನ್ನೂ ಜೋರಾಯ್ತು." ಅವನು ಕ್ರಿಕೆಟ್ ಕಾಮೆಂಟರಿಯ ದನಿಯಲ್ಲಿ ಶುರು ಮಾಡಿದ. "ಏರ್ತಾ ಇದೆ, ಏರ್ತಾ ಇದೆ… ಹಾಂ, ಎಡವ್ತು ನೋಡಿ!"

ಅಮ್ಮನ ಬೆರಳುಗಳು ಅದಕ್ಕಿಂತ ಒಂದು ಉಸಿರು ಮುಂಚೆಯೇ ಬೆಚ್ಚಿದ್ದವು.

"ಮತ್ತೆ ಎಡವ್ತು."

ಬೆರಳು ಮತ್ತೆ ಬೆಚ್ಚಿದವು. ಅವನು ಹೇಳುವ ಮೊದಲು.

"ಈಗ ಒಂದು… ನಿಂತಂಗೆ…" ಅವನ ದನಿಯಿಂದ ಕಾಮೆಂಟರಿ ಇಳಿಯಿತು. ಫೋನಿನಿಂದ ತಲೆಯೆತ್ತಿ ಅಮ್ಮನ ಕೈಯನ್ನು ನೋಡಿದ, ಮತ್ತೆ ಫೋನು, ಮತ್ತೆ ಕೈ. ಕೈ ಮೊದಲು, ಗೆರೆ ಆಮೇಲೆ. ಪ್ರತಿ ಸಲವೂ ಹಾಗೇ. ಅಮ್ಮನ ಅಂಗೈಗೆ ಬಂದ ಸುದ್ದಿ ಒಂದು ಉಸಿರು ತಡವಾಗಿ ಲೋಕಕ್ಕೆ ಹೋಗುತ್ತಿತ್ತು. ಮೇಲೆ ಗಾಲಿ ತಿರುಗುತ್ತಿತ್ತು.

ಶರ್ಟಿನ ತೋಳು ಸುಡುವ ವಾಸನೆ ಬಂತು. ಅಮ್ಮ ಸ್ವಿಚ್ಚು ಆರಿಸಿದಳು. ಮಗಳ ಬೆನ್ನಿನ ಕಡೆ, ಜೆರ್ಸಿಯ ಒಳಗೆ ಕೈ ಹಾಕಿ, ಪಟ್ಟಿಯ ಕೊಕ್ಕೆ ಬಿಚ್ಚಿ ಎಳೆದು, ಕೌಂಟರಿನ ಮೇಲೆ ಒಗೆದಳು. ಒದ್ದೆ ಪಟ್ಟಿ ಏಪ್ರನ್ನಿನ ಮೇಲೆ ಜೀವ ಹೋದ ಹಾವಿನ ಮರಿಯ ಹಾಗೆ ಬಿತ್ತು.

"ಎಷ್ಟು ದಿನದಿಂದ ಹೀಗೆ?"

"ಸುಮಾರು ದಿನ ಆಯ್ತು."

"ಅವನಿಗೆ ಗೊತ್ತಾ?"

ಸಣ್ಣಿ ತಾರಸಿಯ ಕಡೆ ನೋಡಿದಳು. ಅಮ್ಮನಿಗೆ ಅಷ್ಟು ಸಾಕಾಯಿತು. ಮೊಳೆಗೆ ತೂಗುಹಾಕಿದ್ದ ಕೈಚೀಲ ತೆಗೆದುಕೊಂಡಳು, ಅಲ್ಲೇ ಯಾರದೋ ಒಗೆದ ಶಾಲನ್ನು ಹ್ಯಾಂಗರಿನಿಂದ ಎಳೆದು ಮಗಳಿಗೆ ಹೊದಿಸಿದಳು.

"ನಡಿ. ದೊಡ್ಡಾಸ್ಪತ್ರೆಗೆ."

"ಅಣ್ಣ ಮೇಲೆ ಒಬ್ಬನೇ… ಅವನಿಗೆ ತುಳಿಯೋ ಶಕ್ತಿ ಇಲ್ಲಮ್ಮ."

"ಅವನಿಗೇನೂ ಆಗಲ್ಲ. ಅವನ ಎದೆ ಕಲ್ಲಿನ ಹಾಗಿದೆ ಅಂತ ಬರ್ದೇ ಕೊಟ್ಟಿದಾರಲ್ಲ." ಅಮ್ಮ ಹೀಗೆ ಮಾತಾಡಿದ್ದನ್ನು ಸಣ್ಣಿ ಕೇಳಿಯೇ ಇರಲಿಲ್ಲ. ಆಮೇಲೆ ಕಟಿಂಗ್ ಮಾಮನಿಗೆ, "ನೀನು ಆಟೋ ಕರಿ. ಆಮೇಲೆ ಮೇಲೆ ಹೋಗಿ ಆ ದಡ್ಡನ್ನ ಇಳಿಸು."

ಕಟಿಂಗ್ ಮಾಮ ಅಲ್ಲಾಡಲಿಲ್ಲ. ಅವನ ಕಣ್ಣು ಫೋನಿಗೆ ಅಂಟಿತ್ತು. ಶಾಲಿನೊಳಗಿನಿಂದ ಸಣ್ಣಿಯೂ ನೋಡಿದಳು. ಮೂರು ಗೆರೆಗಳಲ್ಲಿ ಒಂದು ಕಡಿದು ಹೋಗಿತ್ತು. ಕಾಲಿನ ಬಲ ಇತ್ತು, ಪೆಡಲಿನ ವೇಗ ಇತ್ತು. ಎದೆಬಡಿತ ಇರಬೇಕಾದ ಕಡೆ ಏನೂ ಇರಲಿಲ್ಲ. ಅದರ ಕೆಳಗೆ ಮೆಸೇಜುಗಳು ಓದಲಾಗದ ವೇಗದಲ್ಲಿ ಮೇಲೇಳುತ್ತಿದ್ದವು. ತಮಾಷೆ ಮಾಡುವವರು ಯಾರೂ ಉಳಿದಿರಲಿಲ್ಲ. ಎದೆ ನಿಂತಿದೆ. ನಿಂತಿದೆ, ಆದರೂ ತುಳೀತಿದಾನೆ. ಯಾರಾದ್ರೂ ಅವನನ್ನ ಇಳಿಸಿ. ಅವನು ಇಳೀತಿಲ್ಲ ಯಾಕೆ? ಮಿಂಚುಳ್ಳೀ, ನಿನ್ನ ಎದೆ ನಿಂತಿದೆ, ನಿಂಗೆ ಗೊತ್ತಾಗ್ತಿಲ್ವಾ?

"ಮಾಮಾ, ಆಟೋ," ಎಂದಳು ಸಣ್ಣಿ. ಅವಳ ದನಿ ಅವಳಿಗೇ ಗಟ್ಟಿಯಾಗಿ ಕೇಳಿತು. ಅವನು ಬೆಚ್ಚಿ, ಬರಿಗಾಲಲ್ಲೇ ಬೀದಿಗೆ ಓಡಿದ.

ಹೊರಗೆ ಮಧ್ಯಾಹ್ನದ ಬಿಸಿಲು ಹಾಗೇ ಇತ್ತು. ಎದುರಿನ ಕಟಿಂಗ್ ಶಾಪಿನ ಕುರ್ಚಿಯಲ್ಲಿ ಅರ್ಧ ಬೋಳಿಸಿದ ಗಡ್ಡದ ಗಿರಾಕಿಯೊಬ್ಬ ಸೋಪು ಒಣಗಿಸಿಕೊಂಡು ಕಾಯುತ್ತಿದ್ದ. ಮಹಡಿಯ ಕಿಟಕಿಯ ಪರದೆ ಎಳೆದೇ ಇತ್ತು. ಅದರ ಹಿಂದಿನಿಂದ ಗಾಲಿಯ ಸದ್ದು ಬೀದಿಗೂ ಕೇಳುತ್ತಿತ್ತು, ಮೊದಲಿಗಿಂತ ಜೋರಾಗಿ, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ. ಸಣ್ಣಿಯ ಎದೆಯೊಳಗೆ ಮತ್ತೆ ಒಂದು ಮೆಟ್ಟಿಲು ಇಲ್ಲವಾಯಿತು. ಈ ಸಲ ಅದನ್ನು ಯಾರೂ ಓದಲಿಲ್ಲ, ಯಾರೂ ಗುರುತು ಹಾಕಲಿಲ್ಲ. ಅವಳ ಮಣಿಕಟ್ಟು ಹಿಡಿದಿದ್ದ ಅಮ್ಮ ಮಾತ್ರ, ನಡೆಯುತ್ತಿದ್ದವಳು ನಿಂತು, "ಈಗ ಬಂತಲ್ವಾ?" ಎಂದಳು.

"ಬಂತಮ್ಮ," ಎಂದಳು ಸಣ್ಣಿ.